ಕಿರ್ದಿಯಲ್ಲಿ ನಮ್ಮ ಹೆಸರು

ನಮ್ಮ ಗದಗಿನ ಕಡೆ 'ಪತ್ತು' ಎಂಬ ಒಂದು ಮಾತಿದೆ. 'ಪತ್ತಿನ ಸಹಕಾರ ಸಂಘ' ಎಂಬ ಫಲಕವನ್ನು ನೀವೂ ನಿಮ್ಮೂರಿನ ಪೇಟೆಯಲ್ಲಿ ನೋಡಿರುತ್ತೀರಿ. ನೋಡಿ ನೋಡಿ ರೂಢಿಯಾಗಿ, ಹಾಗೆಂದರೇನು ಎಂದು ಕೇಳಿಕೊಳ್ಳುವ ಗೋಜಿಗೆ ಹೋಗಿರಲಿಕ್ಕಿಲ್ಲ. ಹಳಗನ್ನಡದ ಪಾಠದಲ್ಲಿ ಪತ್ತು ಎಂದರೆ ಹತ್ತು ಎಂದು ಓದಿದ್ದ ನನ್ನ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರ, ಅದು ಹತ್ತು ಮಂದಿ ಕೂಡಿ ಮಾಡಿದ ಸಂಘ ಏನ್ರೀ?" ಎಂದು ಕೇಳಿದ್ದಳು. ಅವಳ ಊಹೆ ಪೂರ್ತಿ ಹುಸಿಯೂ ಅಲ್ಲ. 1904ರ ಕಾಯಿದೆಯ ಪ್ರಕಾರ ಇಂಥ ಸಂಘ ಕಟ್ಟಲು ಕನಿಷ್ಠ ಹತ್ತು ಮಂದಿ ಬೇಕಾಗಿತ್ತು! ಆದರೆ ಈ ಪತ್ತು ಬೇರೆ. ನೆರೆಯ ಮರಾಠಿಯವರು 'ಪತ್' ಎನ್ನುತ್ತಾರೆ. ಸಾಲವೂ ಹೌದು, ಸಾಲ ಹುಟ್ಟುವುದಕ್ಕೆ ಕಾರಣವಾದ ಹೆಸರೂ ಹೌದು. 'ಅವಂಗ ಪೇಟ್ಯಾಗ ಪತ್ತೈತಿ' ಎಂದರೆ ಅವನ ಮಾತಿನ ಮೇಲೆ ರೊಕ್ಕ ಕೊಡುವವರಿದ್ದಾರೆ ಎಂದರ್ಥ.

ಈ ಪತ್ತು ಹೆಂಗಸರಿಗೆ ಇತ್ತೇ? ಓಣಿಯೊಳಗೆ ಇತ್ತು. ಒಂದು ಬಟ್ಟಲು ಸಕ್ಕರೆ, ಅರ್ಧ ಸೇರು ಜೋಳ, ಮಗುವಿನ ಔಷಧಕ್ಕೆ ಐದು ರೂಪಾಯಿ ಎಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ತೆಗೆದುಕೊಂಡವಳು ಮರೆತರೂ ಕೊಟ್ಟವಳು ಮರೆಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ಓಣಿ ದಾಟಿ ಪೇಟೆಗೆ ಬಂದರೆ ಅಂಗಡಿಯವನ ಉದ್ರಿ ಪುಸ್ತಕದಲ್ಲಿ ನಮ್ಮ ತಾಯಂದಿರ ಹೆಸರೇ ಇರುತ್ತಿರಲಿಲ್ಲ. ಸಾಮಾನು ತರುತ್ತಿದ್ದವಳು ತಾಯಿ, ಖಾತೆ ತಂದೆಯ ಹೆಸರಿನಲ್ಲಿ. ಲೆಕ್ಕ ಎಷ್ಟಾಯಿತು, ಎಷ್ಟು ಜಮಾ ಆಯಿತು ಎಂಬುದನ್ನು ಗಲ್ಲೆಯ ಮೇಲೆ ಕೂತವನು ತನ್ನ ಕಡೆಗೆ ತಿರುಗಿಸಿಕೊಂಡು ಬರೆಯುತ್ತಿದ್ದ. ಆ ಪುಸ್ತಕವನ್ನು ಈ ಕಡೆಗೆ ತಿರುಗಿಸಿ ತೋರಿಸು ಎಂದು ಕೇಳಿದ ಹೆಂಗಸನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ಮಕ್ಕಳು ತಿಳಿದಿರುತ್ತಾರೆ. ಆದರೆ ಆ ಪುಸ್ತಕವನ್ನು ತಿರುಗಿಸಿ ತೋರಿಸು ಎಂದು ಕೇಳುವುದಕ್ಕೂ ಒಂದು ಇತಿಹಾಸವಿದೆ. ಅದು ನಮ್ಮ ಪಕ್ಕದ ಪುಣೆ ಜಿಲ್ಲೆಯಿಂದ ಶುರುವಾಗುತ್ತದೆ ಎಂದು ಹೇಳಬಹುದು.

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತಷ್ಟೇ. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತು, ದಖ್ಖನಿನ ಹತ್ತಿಗೆ ಬಂಗಾರದ ಬೆಲೆ ಬಂತು. ಸಾವುಕಾರರು ರೈತನ ಮನೆ ಬಾಗಿಲಿಗೇ ಬಂದು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಅದೇ ಹೊತ್ತಿಗೆ ಸರ್ಕಾರ ಕಂದಾಯ ಏರಿಸಿತು. ಸಾವುಕಾರರು ಹೊಸ ಸಾಲ ನಿಲ್ಲಿಸಿ ಹಳೆಯದನ್ನು ಕೇಳತೊಡಗಿದರು. ಇದರ ನಡುವೆ ಕಾನೂನಿನ ಒಂದು ವಿಚಿತ್ರ ಆಟವೂ ಇತ್ತು. ಸಾಲದ ಪತ್ರ ಮೂರು ವರ್ಷ ಮಾತ್ರ ಊರ್ಜಿತ ಎಂದು 1859ರಲ್ಲಿ ಕಾನೂನಾಗಿತ್ತು. ಬಡ್ಡಿ ಬೆಳೆಯುತ್ತಾ ಹೋಗದಿರಲಿ ಎಂಬುದು ಅದರ ಉದ್ದೇಶ. ಸಾವುಕಾರನು ಮಾಡಿದ್ದೇನೆಂದರೆ ಮೂರು ವರ್ಷಕ್ಕೊಮ್ಮೆ ರೈತನಿಂದ ಹೊಸ ಪತ್ರ ಬರೆಸಿಕೊಳ್ಳುವುದು, ಅದರಲ್ಲಿ ಹಳೆಯ ಬಡ್ಡಿಯನ್ನೂ ಅಸಲಿಗೆ ಸೇರಿಸುವುದು. ಹೆಬ್ಬೆಟ್ಟು ಒತ್ತುವವನಿಗೆ ಓದು ಬಾರದು. ಕಟ್ಟಿದ ಹಣಕ್ಕೆ ರಸೀತಿ ಇಲ್ಲ. ನೂರು ಕೊಟ್ಟದ್ದು ಎಷ್ಟಾಗಿದೆ ಎಂದು ಕೋರ್ಟಿನ ಕಟ್ಟೆ ಹತ್ತಿದಾಗಲೇ ಅವನಿಗೆ ತಿಳಿಯುತ್ತಿತ್ತು.

1875ರ ಮೇ 12ರಂದು ಸೂಪೆ ಎಂಬ ಸಂತೆಯ ಊರಿನಲ್ಲಿ ಸುತ್ತಲಿನ ರೈತರು ಸೇರಿ ಸಾವುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಮೊದಲು ಕೇಳಿದ್ದು ಖಾತೆ ಪುಸ್ತಕಗಳನ್ನು ಮತ್ತು ಸಾಲದ ಪತ್ರಗಳನ್ನು. ಅವನ್ನು ಬೀದಿಗೆ ತಂದು ಸುಟ್ಟರು. ಕಾಳಿನ ಅಂಗಡಿಗಳನ್ನು ದೋಚಿದ್ದೂ ಉಂಟು, ಕೆಲವು ಮನೆಗಳಿಗೆ ಬೆಂಕಿ ಬಿದ್ದದ್ದೂ ಉಂಟು. ಪುಣೆಯಿಂದ ಅಹಮದ್‌ನಗರದ ಕಡೆಗೆ ಇದು ಹಬ್ಬಿತು. ಪಾಠ ಮಾಡುವಾಗ ಮಕ್ಕಳಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ: ಹಸಿದವರು ಕಾಳು ಕೇಳುವುದಕ್ಕೆ ಮೊದಲು ಕಾಗದ ಯಾಕೆ ಕೇಳಿದರು? ಹಿಂದಿನ ಬೆಂಚಿನವರೂ ಈ ಪ್ರಶ್ನೆಗೆ ಕೈ ಎತ್ತುತ್ತಾರೆ. ಮನೆಯಲ್ಲಿ ಸಾಲವಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಕೊನೆಗೆ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು. ಈ ಕಾಯಿದೆಯಿಂದ ರೈತರ ಸಾಲ ತೀರಿತೇ ಎಂದರೆ ಇಲ್ಲ. ಆದರೆ ಅದರೊಳಗೆ ಮೂರು ಸಣ್ಣ ಕಲಮುಗಳಿವೆ. ಕಟ್ಟಿದ ಪ್ರತಿ ಹಣಕ್ಕೂ ರಸೀತಿ ಕೊಡಬೇಕು. ರೈತ ಕೇಳಿದರೆ ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು. ಅವನ ಕೈಯಲ್ಲಿರುವ ಪಾಸ್‌ಬುಕ್ಕಿನಲ್ಲಿ ಆಗಾಗ ಲೆಕ್ಕ ಬರೆದುಕೊಡಬೇಕು. ಕೊಡದ ಸಾವುಕಾರನಿಗೆ ದಂಡ. ನನ್ನ ಮಟ್ಟಿಗೆ ಆ ಕಾಯಿದೆಯ ಜೀವ ಇರುವುದು ಇಲ್ಲಿಯೇ. ಸಾಲಗಾರನ ವಿಷಯವಾಗಿ ಏನು ಬರೆದಿದೆ ಎಂಬುದನ್ನು ಸಾಲಗಾರನೂ ನೋಡಬಹುದು ಎಂದು ಅಲ್ಲಿ ಒಪ್ಪಿದಂತಾಯಿತು.

ಮುಂದಿನ ಹೆಜ್ಜೆ ನಮ್ಮೂರಿನ ಮಗ್ಗುಲಲ್ಲೇ ಇಟ್ಟದ್ದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಹಿಂದೂಸ್ತಾನದಲ್ಲೇ ಮೊದಲನೆಯದು. ನಾವು ಮಕ್ಕಳನ್ನು ಬೇಲೂರು, ಹಂಪಿಗೆಂದು ಪ್ರವಾಸ ಕರೆದೊಯ್ಯುತ್ತೇವೆ. ಕಣಗಿನಹಾಳಕ್ಕೆ ಯಾರೂ ಕರೆದೊಯ್ಯುವುದಿಲ್ಲ. ಆಗಿನ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ತೀರಿಸದಿದ್ದರೆ ಆ ಹೊರೆ ಉಳಿದವರ ಆಸ್ತಿಯ ಮೇಲೂ ಬರುತ್ತಿತ್ತು. ಆದ್ದರಿಂದ ಯಾರಿಗೆ ಸಾಲ ಕೊಡಬೇಕು ಎಂಬುದನ್ನು ಊರವರು ತಾವೇ ತೂಗಿ ನೋಡುತ್ತಿದ್ದರು. ಯಾರು ದುಡಿಯುತ್ತಾನೆ, ಯಾರು ಜೂಜಾಡುತ್ತಾನೆ, ಯಾರ ಎತ್ತು ಸತ್ತಿದೆ ಎಲ್ಲವೂ ಅವರಿಗೆ ಗೊತ್ತು. ತಪ್ಪಿ ನಡೆದವನಿಗೆ 'ಸುಸ್ತಿದಾರ' ಎಂಬ ಹೆಸರು ಬರುತ್ತಿತ್ತು. ಸುಸ್ತಿದಾರರ ಪಟ್ಟಿ ನೋಟೀಸು ಹಲಗೆಗೆ ಅಂಟುವುದನ್ನು ನಾವೆಲ್ಲ ನೋಡಿದ್ದೇವೆ. ನಾಚಿಕೆಯ ವಿಷಯವೇ ಸರಿ. ಆದರೂ ಅದರಲ್ಲೊಂದು ಅನುಕೂಲವಿತ್ತು. ಹಲಗೆಯ ಮೇಲಿದ್ದುದರಿಂದ ತಪ್ಪು ಬರೆದಿದ್ದರೆ "ಇದು ನನ್ನದಲ್ಲ" ಎಂದು ಅಲ್ಲೇ ಜಗಳ ತೆಗೆಯಬಹುದಾಗಿತ್ತು.

ಈಗಿನ ಬ್ಯಾಂಕಿನವರು ಮಾತೆತ್ತಿದರೆ 'ಸಿಬಿಲ್' ಎನ್ನುತ್ತಾರಲ್ಲ, ಅದು ಮಾತ್ರ ಕಣಗಿನಹಾಳದ ದಾರಿಯಿಂದ ಬಂದದ್ದಲ್ಲ. ಅದರ ಬೇರು ಅಮೆರಿಕದಲ್ಲಿದೆ. ಆ ಕಥೆ ಸ್ವಲ್ಪ ತಿಳಿಯದಿದ್ದರೆ ಇದು ಅರ್ಥವಾಗುವುದಿಲ್ಲ. 1837ರಲ್ಲಿ ಅಲ್ಲಿ ದೊಡ್ಡ ಆರ್ಥಿಕ ಕುಸಿತವಾಯಿತು. ನ್ಯೂಯಾರ್ಕಿನಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಲೂಯಿಸ್ ಟ್ಯಾಪನ್ ಎಂಬಾತನಿಗೂ ಅದರ ಪೆಟ್ಟು ಬಿತ್ತು. ದೂರದ ಊರಿನ ಗಿರಾಕಿಗೆ ಉದ್ರಿ ಕೊಡುವ ಮೊದಲು ಅವನು ಎಂಥವನು ಎಂದು ತಿಳಿದಿರಬೇಕು ಎಂಬ ಯೋಚನೆಯಿಂದ 1841ರಲ್ಲಿ ಒಂದು ಕಚೇರಿ ತೆರೆದ. ಊರೂರಿನಲ್ಲಿ ವಕೀಲರನ್ನು, ಗುರುತಿನವರನ್ನು ಗೊತ್ತುಮಾಡಿ ಅಲ್ಲಿನ ವ್ಯಾಪಾರಿಗಳ ವಿಷಯ ಬರೆಸಿ ತರಿಸಿಕೊಂಡ. ಕುಡಿಯುತ್ತಾನೆಯೇ, ಸಂಸಾರ ಹೇಗೆ, ಮಾವನ ಮನೆಯವರು ಸ್ಥಿತಿವಂತರೇ ಎಲ್ಲವೂ ಬರುತ್ತಿತ್ತು. ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ನರು ವಕೀಲಿ ಮಾಡುತ್ತಿದ್ದಾಗ ಇಂಥ ವರದಿ ಬರೆದವರಲ್ಲಿ ಒಬ್ಬರು. ಆ ಪರಂಪರೆಯ 2,500ಕ್ಕೂ ಹೆಚ್ಚು ದಪ್ಪ ಕಿರ್ದಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇವತ್ತಿಗೂ ಇವೆ. ಚಂದಾ ಕೊಟ್ಟ ವ್ಯಾಪಾರಿ ಕಚೇರಿಗೆ ಬಂದರೆ ಗುಮಾಸ್ತ ಬೇಕಾದ ಪುಟವನ್ನು ಓದಿ ಹೇಳುತ್ತಿದ್ದ. ಯಾರ ವಿಷಯ ಬರೆದಿತ್ತೋ ಅವನಿಗೆ ಮಾತ್ರ ಅದರ ಸುಳಿವೂ ಇರುತ್ತಿರಲಿಲ್ಲ.

ವ್ಯಾಪಾರಿಗಳದ್ದಾದ ಮೇಲೆ ಸಂಸಾರಸ್ಥರ ಸರದಿ. 1899ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ ಒಂದು ಕಂಪನಿ ಮನೆಮನೆಯ ಸುದ್ದಿ ಕೂಡಿಹಾಕುತ್ತಾ ಬೆಳೆಯಿತು. ಅದೇ 1975ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಾಯಿಸಿಕೊಂಡಿತು. ನೆರೆಹೊರೆಯ ಗಾಳಿಮಾತೂ ಕಡತ ಸೇರುತ್ತದೆ ಎಂದು 1960ರ ದಶಕದಲ್ಲಿ ಅಲ್ಲಿ ದೊಡ್ಡ ಗದ್ದಲವಾಗಿ, 1970ರಲ್ಲಿ ಕಾನೂನು ಬಂತು. ತನ್ನ ಕಡತದಲ್ಲೇನಿದೆ ಎಂದು ತಿಳಿಯುವ, ತಪ್ಪಿದ್ದರೆ ತಕರಾರು ಹೂಡುವ ಹಕ್ಕು ಜನಕ್ಕೆ ಸಿಕ್ಕಿತು.

ಹೆಂಗಸರಿಗೆ ಅಷ್ಟೇ ಸಾಕಾಗಲಿಲ್ಲ. ಮದುವೆಯಾದವಳ ಲೆಕ್ಕವೆಲ್ಲ ಗಂಡನ ಹೆಸರಿನಲ್ಲಿ ಬರೆಯುವ ರೂಢಿ ಅಲ್ಲಿಯೂ ಇತ್ತು. ಇಪ್ಪತ್ತು ವರ್ಷ ತನ್ನ ಸಂಬಳದಿಂದ ಕಂತು ಕಟ್ಟಿದ ಹೆಂಗಸು ವಿಧವೆಯಾದರೆ, ವಿಚ್ಛೇದನ ಪಡೆದರೆ, ಅವಳ ಹೆಸರಿನಲ್ಲಿ ಒಂದು ಸಾಲಿನ ಚರಿತ್ರೆಯೂ ಇರುತ್ತಿರಲಿಲ್ಲ. ಹೆಣ್ಣೆಂದು, ಮದುವೆಯಾದವಳೆಂದು ಸಾಲ ನಿರಾಕರಿಸಕೂಡದು ಎಂದು 1974ರಲ್ಲಿ ಕಾನೂನಾಯಿತು. ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯ ವಿವರವನ್ನು ಇಬ್ಬರ ಹೆಸರಿನಲ್ಲೂ ಬರೆಯಬೇಕು ಎಂಬ ನಿಯಮ 1977ರಲ್ಲಿ ಜಾರಿಗೆ ಬಂತು. ಸಿರಿವಂತ ದೇಶವೆಂದು ನಾವು ಬಾಯಿಬಿಟ್ಟು ನೋಡುವ ಅಮೆರಿಕದಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಎಂಟು ವರ್ಷವಾದ ಮೇಲೆ!

ನಮ್ಮಲ್ಲಿ ಬ್ಯಾಂಕುಗಳು ಸಾಲಗಾರರ ವಿಷಯವನ್ನು ಒಂದು ಕಡೆ ಕೂಡಿಡುವ ಏರ್ಪಾಡು ಬಂದದ್ದು ತೀರ ಈಚೆಗೆ. 2000ದಲ್ಲಿ ಸಿಬಿಲ್ ಎಂಬ ಕಂಪನಿ ಸ್ಥಾಪನೆಯಾಯಿತು. 2005ರಲ್ಲಿ ಸಾಲದ ಮಾಹಿತಿ ಕಂಪನಿಗಳ ಕಾಯಿದೆಯಾಯಿತು. ಈಗ ಇಂಥ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಅಟ್ಲಾಂಟಾದ ಆ ಹಳೆಯ ಕಂಪನಿಯ ಹೆಸರು ಇಲ್ಲಿಯೂ ಬಂತಲ್ಲ, ನೋಡಿದಿರಾ? ಇವು ಸಾಲ ಕೊಡುವುದಿಲ್ಲ, ಕೊಡಬೇಡಿ ಎಂದೂ ಹೇಳುವುದಿಲ್ಲ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕಳಿಸಿದ್ದನ್ನು ಬರೆದಿಡುತ್ತವೆ. ಅದರಿಂದ 300ರಿಂದ 900ರವರೆಗಿನ ಒಂದು ಅಂಕಿ ಹೊರಡುತ್ತದೆ. ಕಂತು ಹೊತ್ತಿಗೆ ಬಂತೇ, ಸಾಲದ ಮಿತಿಯಲ್ಲಿ ಎಷ್ಟು ಬಳಕೆಯಾಗಿದೆ, ಹೊಸ ಸಾಲಕ್ಕೆ ಎಷ್ಟು ಕಡೆ ಅರ್ಜಿ ಹಾಕಿದ್ದಾರೆ ಇಂಥವು ಅದರಲ್ಲಿ ಎಣಿಕೆಗೆ ಬರುತ್ತವೆ. ನಿಮ್ಮ ಉಳಿತಾಯ ಖಾತೆಯಲ್ಲಿ ಎಷ್ಟಿದೆ, ಮೈಮೇಲೆ ಎಷ್ಟು ತೊಲೆ ಬಂಗಾರವಿದೆ ಎಂಬುದು ಬರುವುದಿಲ್ಲ. ಯಾರ ಹಂಗಿಲ್ಲದೆ ಬದುಕಿದವಳಿಗೆ ಅಂಕಿಯೇ ಇರುವುದಿಲ್ಲ. 'ಚರಿತ್ರೆ ಇಲ್ಲ' ಎಂದು ಬರುತ್ತದೆ. ನಿವೃತ್ತರಾದ ನಮ್ಮ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ಹಾಗೆಯೇ ಬಂದಿತ್ತು. "ಮೂವತ್ತೈದು ವರ್ಷ ಇತಿಹಾಸ ಕಲಿಸೀನಿ, ನನಗs ಚರಿತ್ರೆ ಇಲ್ಲಂತ" ಎಂದು ಅವರು ನಕ್ಕಿದ್ದರು.

ನನ್ನ ವೈನಿಯದು ಇದಕ್ಕೆ ತಿರುಗುಮುರುಗು. ಚರಿತ್ರೆ ಇತ್ತು, ಕೆಟ್ಟಿತ್ತು.

ನಮ್ಮಣ್ಣ ಸರಕು ಸಾಗಿಸುವ ಸಣ್ಣ ಗಾಡಿ ಇಟ್ಟಿದ್ದ. ಒಂದು ಫೈನಾನ್ಸ್ ಕಂಪನಿಯ ಸಾಲ. ಜೊತೆಯ ಸಾಲಗಾರಳೆಂದು ವೈನಿಯ ಸಹಿ ಇತ್ತು. 2019ರಲ್ಲಿ ಅಣ್ಣ ತೀರಿಕೊಂಡ. ಕಂತುಗಳು ನಿಂತವು. ಕಂಪನಿಯವರು ಗಾಡಿ ಒಯ್ದು ಮಾರಿದರು, ಆಮೇಲೂ 62 ಸಾವಿರ ಬಾಕಿ ಉಳಿಯಿತು ಎಂದರು. 40 ಸಾವಿರ ಕಟ್ಟಿದರೆ ಮುಗಿಸುತ್ತೇವೆ ಎಂದು ಬಂದ ಮನುಷ್ಯ ಹೇಳಿದ. ವೈನಿ ತವರಿನಿಂದ ತಂದು ಕಟ್ಟಿದರು. ಮುಗಿಯಿತು ಎಂದುಕೊಂಡರು. ಆಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಲು ಶುರುಮಾಡಿ, ಒಲೆ, ಪಾತ್ರೆಗೆಂದು ಒಂದು ಬ್ಯಾಂಕಿನಲ್ಲಿ ಬಂಗಾರ ಒತ್ತೆಯಿಟ್ಟು ಸಾಲ ತಂದು 2021ರಲ್ಲಿ ಅದನ್ನೂ ತೀರಿಸಿ ಬಿಲ್ವಾರ ಬಿಡಿಸಿಕೊಂಡರು.

2023ರಲ್ಲಿ ಮಗಳಿಗೆ ನರ್ಸಿಂಗ್ ಪದವಿಗೆ ಸೀಟು ಸಿಕ್ಕಿತು. ಮೊದಲನೆಯ ವರ್ಷದ ಫೀ ಹೇಗೋ ಹೊಂದಿಸಿದೆವು. ಮುಂದಿನ ವರ್ಷ ಶಿಕ್ಷಣ ಸಾಲಕ್ಕೆ ಹೋದರೆ ತಾಯಿ ಜೊತೆಯ ಸಾಲಗಾರಳಾಗಬೇಕು. ಬ್ಯಾಂಕಿನವರು ಗಣಕಯಂತ್ರದಲ್ಲಿ ನೋಡಿ "ನಿಮ್ಮ ಸಿಬಿಲ್ ಸರಿ ಇಲ್ಲರಿ" ಎಂದರು. ಯಾಕೆ ಎಂದರೆ "ಅದು ನಮಗ ಗೊತ್ತಾಗೂದಿಲ್ಲ" ಎಂದರು. ವೈನಿ ಆ ರಾತ್ರಿ ಊಟ ಮಾಡಲಿಲ್ಲ. "ಯಾರ ರೊಕ್ಕಾನೂ ಮುಳುಗಿಸಿಲ್ಲ, ಮತ್ತ ಯಾಕ ಹಿಂಗ ಬರದಾರ ಅಕ್ಕೋರ?" ಎಂದು ನನ್ನನ್ನು ಕೇಳಿದರು. ನಾದಿನಿಯಾದರೂ ನನ್ನನ್ನು ಅವರು ಅಕ್ಕೋರು ಎಂದೇ ಕರೆಯುವುದು.

ಅಷ್ಟರಲ್ಲಿ ಯಾರೋ ಒಬ್ಬ ಏಜೆಂಟನ ಹೆಸರು ಹೇಳಿದರು. 15 ಸಾವಿರ ಮುಂಗಡ ಕೊಟ್ಟರೆ ಹತ್ತು ದಿನದಲ್ಲಿ ಎಲ್ಲ ಅಳಿಸಿಕೊಡುತ್ತಾನಂತೆ. ಇಂಥವರಿಗೂ ಇತಿಹಾಸವಿದೆ. ಅಮೆರಿಕದಲ್ಲಿ ಇವರ ಕಾಟ ಹೆಚ್ಚಾಗಿಯೇ, ಹೇಳಿದ ಕೆಲಸ ಮುಗಿಸುವ ಮೊದಲು ಹಣ ತೆಗೆದುಕೊಳ್ಳಬಾರದು ಎಂದು 1996ರಲ್ಲಿ ಕಾನೂನು ಮಾಡಬೇಕಾಯಿತು. ಕಾನೂನು ಪ್ರಕಾರ ಇವರು ಮಾಡಬಹುದಾದ ಕೆಲಸವನ್ನೆಲ್ಲ ನೀವೇ ಮಾಡಿಕೊಳ್ಳಬಹುದು ಎಂದು ಅಲ್ಲಿನ ಸರ್ಕಾರವೇ ಜನಕ್ಕೆ ಹೇಳುತ್ತದೆ. ನಮ್ಮಲ್ಲಿಯೂ ಹಾಗೆಯೇ. ಸಾಲ ಕೊಟ್ಟವರು ಒಪ್ಪದೆ ಆ ಕಂಪನಿಗಳೂ ಒಂದಕ್ಷರ ಬದಲಾಯಿಸಲಾರವು. ಇನ್ನು ಈ ಏಜೆಂಟ ಯಾವ ಮಂತ್ರ ಹಾಕಿ ಅಳಿಸುತ್ತಾನೆ? ವೈನಿಗೆ ಇಷ್ಟು ಹೇಳಿದ್ದೇ ಸಾಕಾಯಿತು. 15 ಸಾವಿರವೆಂದರೆ ಎಷ್ಟು ರೊಟ್ಟಿ ಎಂದು ಅವರು ಕೂತಲ್ಲೇ ಲೆಕ್ಕ ಹಾಕಿದರು.

2017ರಿಂದ ಈ ಕಂಪನಿಗಳು ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ನಮ್ಮ ವರದಿಯನ್ನು ನಾವೇ ತರಿಸಿ ನೋಡಿದರೆ ಅಂಕಿ ಕಡಿಮೆಯಾಗುವುದಿಲ್ಲ. ಆಗುತ್ತದೆ ಎಂಬ ಹೆದರಿಕೆ ಬಹಳ ಮಂದಿಗಿದೆ. 2024ರ ಜೂನ್ ತಿಂಗಳಲ್ಲಿ ಸೊಸೆಯ ಫೋನಿನಿಂದ ವರದಿ ತರಿಸಿ, ಪೇಟೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಅಡುಗೆಮನೆಯಲ್ಲಿ ನಾನೂ ವೈನಿಯೂ ಕೆಂಪು ಪೆನ್ನು ಹಿಡಿದು ಕೂತೆವು. ಉತ್ತರಪತ್ರಿಕೆ ತಿದ್ದಿದ ಕೈ ನೋಡಿ! ಅಂಕಿ 589. ಗಾಡಿಯ ಸಾಲದ ಮುಂದೆ 'ಸೆಟಲ್ಡ್' ಎಂದಿತ್ತು. ಅದರ ಕೆಳಗೆ ತಿಂಗಳವಾರು ಚೌಕಗಳಲ್ಲಿ ಎಷ್ಟೆಷ್ಟು ದಿನ ತಡ ಎಂಬ ಲೆಕ್ಕ. ಎರಡನೆಯದು ಆ ಬಂಗಾರದ ಸಾಲ. ತೀರಿ ಮೂರು ವರ್ಷವಾಗಿದ್ದರೂ ಇನ್ನೂ ಬಾಕಿ ಎಂದು ತೋರಿಸುತ್ತಿತ್ತು.

ಇವೆರಡೂ ಬೇರೆ ಬೇರೆ ಜಾತಿಯ ಕಲೆಗಳು. ಬಂಗಾರದ್ದು ಶುದ್ಧ ಸುಳ್ಳು. ಗಾಡಿಯದು ಸುಳ್ಳಲ್ಲ, 'ಸೆಟಲ್ಡ್' ಎಂದರೆ ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟು ರಾಜಿಯಾದದ್ದು ಎಂದರ್ಥ. ತೀರಿತು ಎನ್ನಲು 'ಕ್ಲೋಸ್ಡ್' ಎಂದಿರಬೇಕು. ಅಂದು ಬಂದ ಮನುಷ್ಯ ಆ ವ್ಯತ್ಯಾಸ ಹೇಳಿರಲಿಲ್ಲ. ಗಂಡನನ್ನು ಕಳೆದುಕೊಂಡು ತಿಂಗಳುಗಳಷ್ಟೇ ಆಗಿದ್ದವಳಿಗೆ ಅದನ್ನು ಹೇಳಬೇಕಾದದ್ದು ಧರ್ಮವಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಮೊದಲು ಸುಳ್ಳಿನದು. ಬ್ಯಾಂಕಿಗೆ ಹೋಗಿ ಬೇಬಾಕಿ ಪತ್ರ ಕೇಳಿದರೆ ನಾಳೆ ಬಾ ಎಂದರು, ನಾಡಿದ್ದು ಬಾ ಎಂದರು. ಮೂರನೆಯ ಸಲ ವೈನಿ ರೊಟ್ಟಿಯ ಲೆಕ್ಕ ಬರೆಯುವ ಪುಸ್ತಕವನ್ನೇ ಒಯ್ದರು. ಯಾವ ದಿನ ಎಷ್ಟು ಕಟ್ಟಿದೆ, ಯಾವ ದಿನ ಬಿಲ್ವಾರ ಕೈಗೆ ಬಂತು ಎಲ್ಲ ಅದರಲ್ಲಿತ್ತು, ರಸೀತಿಗಳನ್ನು ಅದೇ ಪುಟಕ್ಕೆ ಅನ್ನ ಹಚ್ಚಿ ಅಂಟಿಸಿದ್ದರು. ಅದನ್ನು ನೋಡಿದ ಮೇಲೆ ವ್ಯವಸ್ಥಾಪಕರು ಅರ್ಧ ಗಂಟೆಯಲ್ಲಿ ಪತ್ರ ಕೊಟ್ಟರು. ಅದನ್ನಿಟ್ಟು ಮಾಹಿತಿ ಕಂಪನಿಗೆ ತಕರಾರು ಹಾಕಿದೆವು, ಅದರದೇ ನಕಲು ಬ್ಯಾಂಕಿಗೂ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ತಕರಾರು 30 ದಿನದೊಳಗೆ ಬಗೆಹರಿಯಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತ್ತು. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಬರೆದಿದ್ದೆ. 26ನೆಯ ದಿನಕ್ಕೆ ತಿದ್ದಿಬಂತು. ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯುವುದೆಂದು ಕರಡು ಸಿದ್ಧ ಮಾಡಿಟ್ಟಿದ್ದೆ. 2022ರಿಂದ ಈ ಮಾಹಿತಿ ಕಂಪನಿಗಳ ಮೇಲಿನ ದೂರುಗಳೂ ಅವರ ವ್ಯಾಪ್ತಿಗೆ ಬಂದಿವೆ, ಅದಕ್ಕೆ ಶುಲ್ಕವಿಲ್ಲ. ಆ ಕರಡು ನನ್ನ ಕಪಾಟಿನಲ್ಲೇ ಉಳಿಯಿತು.

ನಿಜದ ಕಲೆಗೆ ಹೆಚ್ಚು ದಿನ ಹಿಡಿಯಿತು. ಫೈನಾನ್ಸ್ ಕಂಪನಿಗೆ ಬರೆದು, ಉಳಿದ 22 ಸಾವಿರವನ್ನೂ ಕಟ್ಟುತ್ತೇವೆ, ಕಟ್ಟಿದರೆ 'ಕ್ಲೋಸ್ಡ್' ಎಂದು ತಿದ್ದಿಸುವಿರಾ ಎಂದು ಕೇಳಿದೆವು. ಫೋನಿನಲ್ಲಿ ಹೌದೆಂದರು. ಫೋನಿನ ಮಾತು ಬೇಡ, ಕಾಗದದಲ್ಲಿ ಕೊಡಿ ಎಂದು ವೈನಿ ಪಟ್ಟು ಹಿಡಿದರು. ಕಾಗದ ಬರುವವರೆಗೆ ಒಂದು ಪೈಸೆ ಕಟ್ಟಲಿಲ್ಲ. ಎರಡು ತಿಂಗಳಾಯಿತು. ಬಂದ ಮೇಲೆ ಮೂರು ಕಂತುಗಳಲ್ಲಿ ಕಟ್ಟಿ ಬೇಬಾಕಿ ಪತ್ರ ತೆಗೆದುಕೊಂಡರು. 'ಸೆಟಲ್ಡ್' ಹೋಗಿ 'ಕ್ಲೋಸ್ಡ್' ಬಂತು. ತಡವಾದ ತಿಂಗಳುಗಳ ಚೌಕಗಳು ಹಾಗೆಯೇ ಉಳಿದವು. ಅವು ನಡೆದದ್ದೇ ತಾನೆ? ಅದನ್ನು ಅಳಿಸಿ ಎಂದು ನಾವು ಕೇಳಲೂ ಇಲ್ಲ.

ಬರಿದೆ ಕಲೆ ತೆಗೆದರೆ ಅಂಕಿ ಏರುವುದಿಲ್ಲ, ಹೊಸದಾಗಿ ಒಳ್ಳೆಯದನ್ನು ಬರೆಸಬೇಕು. 20 ಸಾವಿರ ರೂಪಾಯಿ ಠೇವಣಿಯಿಟ್ಟು, ಅದರ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ತೆಗೆದುಕೊಂಡರು. ಗ್ಯಾಸಿನ ಸಿಲಿಂಡರು ಮತ್ತು ಕರೆಂಟಿನ ಬಿಲ್ಲು ಇವೆರಡಕ್ಕೇ ಅದು. ಸೀರೆ ಅಂಗಡಿಗೆ ಅದನ್ನು ಒಯ್ಯುವುದೇ ಇಲ್ಲ ಎಂದು ದೇವರ ಮುಂದೆ ಇಟ್ಟು ಹೇಳಿದ್ದರಂತೆ! ತಿಂಗಳಿಗೆ ಬಂದಷ್ಟನ್ನೂ ಗಡುವಿಗೆ ಐದು ದಿನ ಮೊದಲೇ ಕಟ್ಟುವುದು, ಬೇರೆಲ್ಲಿಯೂ ಸಾಲಕ್ಕೆ ಅರ್ಜಿ ಹಾಕದಿರುವುದು. ಅಂಕಿ 641 ಆಯಿತು. ಕೆಲವು ತಿಂಗಳು ಅಲ್ಲೇ ನಿಂತಿತು. ವೈನಿಗೆ ಬೇಸರ ಬಂತು. "ಗಿಡಕ್ಕಾದ್ರ ನೀರು ಹಾಕಿದ್ದು ಕಾಣತೈತಿ, ಇದಕ್ಕ ಏನೂ ಕಾಣಂಗಿಲ್ಲ" ಎಂದರು. ಆ ವರ್ಷದ ಫೀಸಿಗೆ ಬಿಲ್ವಾರ ಮತ್ತೆ ಒತ್ತೆಗೆ ಹೋಯಿತು. 2025ರಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ವಿವರ ಕಳಿಸಬೇಕೆಂಬ ನಿಯಮ ಬಂದದ್ದರಿಂದ ಕಟ್ಟಿದ್ದು ಬೇಗ ದಾಖಲಾಗತೊಡಗಿತು. ಒಟ್ಟು ಹದಿನಾಲ್ಕು ತಿಂಗಳಿಗೆ ಅದು 718ಕ್ಕೆ ಬಂತು. ಮೂರನೆಯ ವರ್ಷದ ಫೀಸಿಗೆ ಸಾಲ ಮಂಜೂರಾಯಿತು.

ಸುದ್ದಿ ಓಣಿಯಲ್ಲಿ ಹಬ್ಬಿ ಈಗ ವೈನಿಯ ಮನೆಗೆ ರೊಟ್ಟಿಗೆಂದು ಬಂದವರು ಫೋನನ್ನೂ ಮುಂದೆ ಹಿಡಿಯುತ್ತಾರೆ. ಹೆಚ್ಚಿನವರ ವರದಿಯಲ್ಲಿ ಕಾಣುವುದು ಒಂದೇ ಬಗೆಯದು: ಗಂಡನ ಸಾಲಕ್ಕೋ ಮೈದುನನ ಸಾಲಕ್ಕೋ ಹಾಕಿದ ಸಹಿ. ಜಾಮೀನುದಾರಳೆಂದು ಸಹಿ ಹಾಕಿದರೂ ಆ ಸಾಲ ನಮ್ಮ ವರದಿಯಲ್ಲಿ ಬರುತ್ತದೆ ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತೇ ಇರಲಿಲ್ಲ. ಒಬ್ಬಾಕೆಯ ಹೆಸರಿನಲ್ಲಿ ಅವಳು ಕೇಳರಿಯದ ಮೊಬೈಲಿನ ಕಂತಿನ ಸಾಲವಿತ್ತು. ಅದಕ್ಕೆ ತಕರಾರಿನ ಜೊತೆಗೆ ಪೊಲೀಸ್ ದೂರನ್ನೂ ಕೊಡಿಸಿದ್ದಾಯಿತು. ಇನ್ನೊಬ್ಬಳಿಗೆ ಸಂಘದ ಕಂತು ನಿಜವಾಗಿಯೂ ಬಾಕಿ ಇತ್ತು. ಅವಳಿಗೆ ವೈನಿ ಹೇಳಿದ್ದು, ಮೊದಲು ಕಟ್ಟು, ಆಮೇಲೆ ಬಾ ಎಂದು.

ಅಂದಹಾಗೆ ನಾಲ್ಕು ಕಂಪನಿಗಳಲ್ಲಿ ಮೂರರ ವರದಿಯಲ್ಲಿ ವೈನಿಯ ಹೆಸರು ಈಗ ಚೊಕ್ಕಟವಾಗಿದೆ. ಬ್ಯಾಂಕುಗಳು ನಾಲ್ಕಕ್ಕೂ ವಿವರ ಕಳಿಸುವುದರಿಂದ ನಾಲ್ಕನ್ನೂ ತರಿಸಿ ನೋಡಬೇಕು. ನಾಲ್ಕನೆಯದರಲ್ಲಿ ಆ ಬಂಗಾರದ ಸಾಲ ಇನ್ನೂ ಬಾಕಿ ಎಂದೇ ಇದೆ. ಹೋದ ವಾರ ತಕರಾರು ಹಾಕಿದ್ದಾರೆ, ಈ ಸಲ ನನ್ನನ್ನು ಕೇಳದೆ ತಾವೇ ಬರೆದು. ರೊಟ್ಟಿಯ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು ಗುರುತು ಹಾಕಿ ದಿನ ಎಣಿಸುತ್ತಿದ್ದಾರೆ. 31ನೆಯ ದಿನದಿಂದ ದಿನಕ್ಕೆ ನೂರು ರೂಪಾಯಿಯಂತೆ ಬರೆಯಲು ಪಕ್ಕದಲ್ಲಿ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಾರೆ.